ಗಾಜಿನೊಳಗಿನ ಕೂದಲು

ತೊಳೆದ ಎರಡು ಗಾಜಿನ ಬಿಲ್ಲೆಗಳು ಒಂದರ ಮೇಲೊಂದು ಕೂತು ಅಂಟುತ್ತಿದ್ದಂತೆ ಮೂಲೆಯಲ್ಲಿ ಕಾಮನಬಿಲ್ಲಿನ ಬಣ್ಣಗಳೆದ್ದವು. ಆ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಬಗ್ಗಿ ನೋಡಿದಳು. ಬಣ್ಣ ಎದ್ದಿತೆಂದರೆ ಒಳಗೇನೋ ಸಿಕ್ಕಿಕೊಂಡಿದೆ. ಅಂಟಿದ ಗಾಜನ್ನು ಇನ್ನು ಬಿಡಿಸುವಂತಿಲ್ಲ. ಹಸುಗೂಸಿನ ಒಂದೇ ಹನಿ ರಕ್ತ ಹರಿದು ಪರೀಕ್ಷೆಯಾಗಲೆಂದು ಮೂರು ದಿನ ಕೂತು ಗಾಜಿನ ಮೇಲೆ ಆಸಿಡ್ಡಿನಲ್ಲಿ ಕೊರೆದ ಸಣ್ಣ ಕಾಲುವೆಗಳು. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

“ಇನ್ನೊಂದು ಬಿಲ್ಲೆ ಕೆಟ್ರೆ ನಿಮ್ಮನ್ನ ಪ್ಯಾಕಿಂಗಿಗೆ ಹಾಕ್ಬೇಕಾಗುತ್ತೆ” ಎಂದು ಹೋದ ವಾರವಷ್ಟೇ ದೊಡ್ಡಕ್ಕನಿಗೆ ಹೇಳಿದ್ದ ಸೂಪರ್‌ವೈಸರ್ ಬಂದು ನಿಂತರು.

“ಕೂದಲು ಸರ್, ನಂದೇ” ಎಂದಳು ಪಕ್ಕದ ಮೇಜಿನವಳು, ದೊಡ್ಡಕ್ಕ ಬಾಯಿ ತೆರೆಯುವ ಮೊದಲೇ. ಅವಳಿಗೆ ಈ ಕೆಲಸವನ್ನು ಕೈಹಿಡಿದು ಕಲಿಸಿದವಳು ದೊಡ್ಡಕ್ಕನೇ. “ಅಂಟಿಸೋವಾಗ ನಾನೇ ಬಗ್ಗಿ ನೋಡಿದ್ದು. ಟೋಪಿ ಸಡಿಲ ಆಗಿತ್ತು.”

ಸೂಪರ್‌ವೈಸರ್ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ತುಸು ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ತಲೆಯೆತ್ತಿ, ಆ ಹುಡುಗಿಯ ಟೋಪಿಯಂಚಿನಲ್ಲಿ ಇಣುಕುತ್ತಿದ್ದ ಕಡುಗಪ್ಪು ಕೂದಲನ್ನು ನೋಡಿದರು.

“ಇಷ್ಟು ಚಿಕ್ಕ ವಯಸ್ಸಿಗೇ ತಲೆ ಹಣ್ಣಾಗೋಯ್ತೇನಮ್ಮ?”

ಅವರು ಕೆಟ್ಟ ಬಿಲ್ಲೆಗಳ ಪಟ್ಟಿಯಲ್ಲಿ ಆ ಹುಡುಗಿಯ ಹೆಸರನ್ನೇ ಬರೆದುಕೊಂಡರು. ಡಬ್ಬಿಯಿಂದ ಬಿಗಿಯಾದ ಹೊಸ ಟೋಪಿಯೊಂದನ್ನು ತೆಗೆದು ದೊಡ್ಡಕ್ಕನ ಕೈಗಿಟ್ಟು ಹೋದರು.