ತಕ್ಕಡಿ ಹತ್ತದ ಸುಂದರಿ

"ಸೋಮವಾರ ಸುಂದರಿಗೆ ಚಂದ ಮಾಡಿ ಸ್ನಾನ ಮಾಡಿಸಿ, ಅಚ್ಚಾಮ್ಮಕ್ಕ" ಎಂದರು ಡಾಕ್ಟರ್ ನಶೀದಾ. "ಸಮಿತಿಯವರು ಬರ್ತಾರೆ. ಒಂದು ಹಂದಿಯನ್ನು ಆರಿಸ್ಲಿಕ್ಕೆ ಉಂಟು."

"ಎಂತಕ್ಕೆ?"

"ಅದು ಈಗ ಹೇಳ್ಲಿಕ್ಕಿಲ್ಲ. ಸುಂದರಿಯನ್ನೇ ಮೊದಲು ನಿಲ್ಲಿಸುವ."

ಸ್ನಾನ ಎಂದದ್ದೇ ಅಚ್ಚಾಮ್ಮನಿಗೆ ಅರ್ಥವಾಯಿತು. ಕಡಬದಾಚೆ ಔಷಧ ಪರೀಕ್ಷಿಸುವ ಈ ಕೇಂದ್ರದಲ್ಲಿ ಹಂದಿ ಪಳಗಿಸುವ ಕೆಲಸಕ್ಕೆ ಸೇರುವ ಮುಂಚೆ ಅವಳು ಮನೆಯ ಹಿಂದೆಯೇ ಹಂದಿ ಸಾಕಿದವಳು. ಅಪ್ಪನ ಕಾಲದಿಂದಲೂ ಅವರಲ್ಲಿ ಒಂದೇ ಕ್ರಮ. ಈಸ್ಟರ್ ಇರಲಿ, ಮದುವೆ ಇರಲಿ, ಎಲ್ಲಕ್ಕಿಂತ ಚೆನ್ನಾಗಿರುವುದನ್ನು ಆರಿಸಿ, ಮೀಯಿಸಿ, ಮರುದಿನ ಕೊಯ್ಯುವುದು. ಹಂದಿಗೆ ಸ್ನಾನವೆಂದರೆ ಇನ್ನೇನು ಅರ್ಥ? ಇಲ್ಲಿ ಕತ್ತಿಯ ಬದಲು ಸೂಜಿ, ಅಷ್ಟೇ.

ಸುಂದರಿಯನ್ನು ಸೂಜಿಗೆ ಒಗ್ಗಿಸಿದವಳು ಅವಳೇ. ಕೋಲಿನ ತುದಿಯ ಚೆಂಡಿಗೆ ಮೂತಿ ಮುಟ್ಟಿಸಿದರೆ ಬಾಳೆಹಣ್ಣಿನ ತುಂಡು. ತಾನಾಗಿ ತಕ್ಕಡಿ ಹತ್ತಿದರೆ ಇನ್ನೊಂದು. ಕತ್ತು ಕೊಟ್ಟು ಅಲುಗದೆ ನಿಂತರೆ ಇಡೀ ಹಣ್ಣು. ಬೇಸರ ಕಳೆಯಲು ತೆಂಗಿನ ಸಿಪ್ಪೆಯ ರಾಶಿ, ಅದರೊಳಗೆ ಹುಡುಕಿ ತಿನ್ನಲು ಹಲಸಿನ ಬೀಜ. ಬಲವಂತ ಮಾತ್ರ ಕೂಡದು. ಹಂದಿ ಒಲ್ಲೆ ಎಂದರೆ ಗೂಡಿಗೆ ಬಿಟ್ಟುಬಿಡಬೇಕು. ಅದು ನಶೀದಾ ಡಾಕ್ಟರ ಕಟ್ಟಪ್ಪಣೆ.

ಆ ಕಟ್ಟಪ್ಪಣೆಯನ್ನೇ ಅಚ್ಚಾಮ್ಮ ಗಟ್ಟಿಯಾಗಿ ಹಿಡಿದುಕೊಂಡಳು.

ಮರುದಿನದಿಂದ ಪಾಠ ಉಲ್ಟಾ ಆಯಿತು. ತಕ್ಕಡಿ ಹತ್ತಿದರೆ ಏನೂ ಇಲ್ಲ, ಇಳಿದು ಓಡಿದರೆ ಬಾಳೆಹಣ್ಣು. ಸೂಜಿ ಕಂಡು ಕಿರುಚಿದರೆ ಎರಡು. ಮೊದಮೊದಲು ಸುಂದರಿ ತಕ್ಕಡಿಯ ಮೇಲೇ ನಿಂತು ಅವಳ ಮುಖ ನೋಡಿತು. ತಾನೇನು ತಪ್ಪು ಮಾಡಿದೆನೆಂದು ಅದಕ್ಕೆ ತಿಳಿಯಲಿಲ್ಲ. ಅಚ್ಚಾಮ್ಮನಿಗೆ ಅಳು ಬಂತು.

"ಕಲಿ ಮೋಳೆ, ನನ್ನ ಮಗಳೇ. ಮರ್ಯಾದೆಗೆ ನಿಂತ್ರೆ ಜೀವ ಹೋಗ್ತದೆ."

ಹಂದಿ ಬುದ್ಧಿವಂತ ಪ್ರಾಣಿ. ಕಲಿತುಬಿಟ್ಟಿತು.

ಸೋಮವಾರ ಸಮಿತಿಯವರು ಬಂದರು. ಮಿಂದು ಮಿರುಗುತ್ತಿದ್ದ ಸುಂದರಿ ತಕ್ಕಡಿ ಕಂಡದ್ದೇ ಹಿಂದೆ ಜಿಗಿಯಿತು. ಸೂಜಿ ಕಂಡು ಸೂರು ಹಾರುವಂತೆ ಕಿರುಚಿತು. ಬಕೆಟ್ ಉರುಳಿಸಿ ಹಿರಿಯರೊಬ್ಬರ ಪ್ಯಾಂಟು ಒದ್ದೆ ಮಾಡಿತು. ನಶೀದಾ ಬಿಳಿಚಿಕೊಂಡರು. ಇನ್ನೊಮ್ಮೆ ಕರೆದು ನೋಡಿ, ಮತ್ತೊಮ್ಮೆ ಕರೆದು ನೋಡಿ, ಕೊನೆಗೆ ಪಕ್ಕದ ಗೂಡಿನ ಕಪ್ಪು ಕಿವಿಯ ಹಂದಿಯನ್ನು ಬಿಡಿಸಿದರು. ಅದು ತಾನಾಗಿ ತಕ್ಕಡಿ ಹತ್ತಿ, ಕತ್ತು ಚಾಚಿ ನಿಂತಿತು.

"ಇದೇ ಆಗಬಹುದು" ಎಂದರು ಸಮಿತಿಯವರು.

ಅಚ್ಚಾಮ್ಮ ಸದ್ದಿಲ್ಲದೆ ಶಿಲುಬೆಯ ಗುರುತು ಮಾಡಿಕೊಂಡಳು. ಕಪ್ಪು ಕಿವಿಯದರ ಹಣೆಬರಹ, ಪಾಪ. ಆದರೂ ಖುಷಿಯಾಯಿತು, ಸುಳ್ಳು ಯಾಕೆ ಹೇಳುವುದು. ಸುಂದರಿಗೆ ಇಡೀ ಹಣ್ಣು ಕೊಟ್ಟಳು.

ಸಮಿತಿಯವರ ಜೀಪು ಹೊರಟ ಮೇಲೆ ನಶೀದಾ ಬಂದು ಗೂಡಿನ ಮುಂದೆ ನೆಲದ ಮೇಲೇ ಕುಳಿತರು.

"ಔಷಧದ ಪರೀಕ್ಷೆ ಮುಗಿಯಿತಲ್ಲ, ನಾಳೆ ಎಲ್ಲವನ್ನೂ ಸೂಜಿ ಚುಚ್ಚಿ ಏಳದ ಹಾಗೆ ಮಲಗಿಸ್ಲಿಕ್ಕೆ ಹೇಳಿದ್ದಾರೆ, ಅಚ್ಚಾಮ್ಮಕ್ಕ. ಹೊಸಬರಿಗೆ ಕಲಿಸ್ಲಿಕ್ಕೆ ಅಂತ ಒಂದನ್ನು ಮಾತ್ರ ಜೀವಮಾನ ಪೂರ್ತಿ ಸಾಕ್ಲಿಕ್ಕೆ ಬಿಟ್ಟದ್ದು, ಹೇಳಿದ್ದು ಕೇಳುವ ಒಂದನ್ನು."