ಸಿತ್ತನಾಳ ಅಂಗಳದ ಹೊಗೆ

ಹೊಗೆಯ ಗುಂಡಿಯ ಮೇಲೆ ಬೋರಲು ಹಾಕಿದ್ದ ಮರದ ಬಟ್ಟಲನ್ನೆತ್ತಿ, ಅದರ ಒಳಮೈಗೆ ಮೆತ್ತಿದ್ದ ಜೋಳದ ಹಿಟ್ಟು ಎಷ್ಟು ಕಂದಿದೆಯೆಂದು ಸಿತ್ತನಾ ನೋಡುತ್ತಿದ್ದಾಗ ಬೀದಿಬಾಗಿಲು ಕಿರುಗುಟ್ಟಿತು. ಹೊಸದಾಗಿ ತಿದ್ದಿಸಿಕೊಂಡ ಗಡ್ಡ, ಗರಿಮುರಿಯದ ರುಮಾಲು, ಕೈಯಲ್ಲಿ ನೈಲ್ ನದಿಯ ದೊಡ್ಡದೊಂದು ಮೀನು. ಹೊಸಿಲಿನಾಚೆ ನಿಂತಿದ್ದವನು ಅವಳ ಗಂಡ ಬಾಬಿಕಿರ್.

ಅವಳ ಹಾಲಿನ ಮೇಕೆಯನ್ನು ಒಂದು ಮಾತೂ ಕೇಳದೆ ಅತಿಥಿಗಳಿಗಾಗಿ ಕೊಯ್ದವನು ಅವನು. ಅಂದು ಮಾತಿಗೆ ಮಾತು ಬೆಳೆದು, "ನೀನು ಕರೆಯದೆ ಈ ಹೊಸಿಲು ತುಳಿಯೋದಿಲ್ಲ" ಎಂದು ಅವನೂ, "ನನ್ನ ಬಾಯಿಂದ ಆ ಕರೆ ಬರೋದಿಲ್ಲ" ಎಂದು ಅವಳೂ ದೇವರ ಹೆಸರಿನಲ್ಲಿ ಆಣೆಯಿಟ್ಟಿದ್ದರು. ಎರಡು ತಿಂಗಳಿಂದ ಅವನು ತಮ್ಮನ ಮನೆಯಲ್ಲಿದ್ದ. ಇಬ್ಬರೂ ನೋಯುತ್ತಿದ್ದರು, ಇಬ್ಬರೂ ಬಾಗಿರಲಿಲ್ಲ.

"ಕರೆದೆಯಲ್ಲ, ಬಂದೆ," ಎಂದ ಬಾಬಿಕಿರ್.

"ನಾನೆಲ್ಲಿ ಕರೆದೆ?"

"ನಿನ್ನ ಜಾಲಿ ಹೊಗೆ ಮಸೀದಿವರೆಗೂ ಬಂತಲ್ಲೇ! ಸಜ್ದಾಕ್ಕೆ ಬಗ್ಗಿದೋನು ಏಳೋದನ್ನೇ ಮರೆತುಬಿಟ್ಟೆ, ದೇವರು ಕ್ಷಮಿಸಲಿ. ನಮಾಜು ಮುಗಿದದ್ದೇ ತಡ, ಸಾಲಿಗೆ ಸಾಲೇ ನನ್ನ ಕಡೆ ತಿರುಗ್ತು. 'ಏಳಯ್ಯಾ ಬಾಬಿಕಿರ್, ಮನೆ ಕರೀತಿದೆ, ಇನ್ನೂ ಇಲ್ಲೇ ಕೂತಿದೀಯಲ್ಲ' ಅಂತ ಇಮಾಮರೇ ಅಂದ್ರು. ಅಲ್ಲಿಂದ ಕ್ಷೌರಿಕನ ಹತ್ರ ಹೋದೆ, ಆಮೇಲೆ ಮೀನಿನಂಗಡಿ, ಆಮೇಲೆ ಸೀದಾ ಇಲ್ಲಿಗೆ."

ಸುಡಾನಿನ ಓಮ್ದುರ್ಮಾನ್ ಪಟ್ಟಣದ ಆ ಓಣಿಯಲ್ಲಿ ಗೃಹಿಣಿಯ ಅಂಗಳದಿಂದ ಜಾಲಿಯ ಹೊಗೆ ಎದ್ದರೆ, ಅವಳು ಗಂಡನಿಗಾಗಿ ಮೈಗೆ ಪರಿಮಳ ಹಿಡಿಸಿಕೊಳ್ಳುತ್ತಿದ್ದಾಳೆಂದೇ ಎಲ್ಲರೂ ತಿಳಿಯುತ್ತಿದ್ದರು. ಬೇರೆ ಅರ್ಥವನ್ನು ಯಾರೂ ಹುಡುಕುತ್ತಿರಲಿಲ್ಲ.

ಪಕ್ಕದ ಮನೆಯ ನಿಮಾತ್ ಅಲ್ಲೇ ಚಾಪೆಯ ಮೇಲೆ ಕುಳಿತು, ಗಂಧದೆಣ್ಣೆ, ಲವಂಗದೆಣ್ಣೆ, ಕಸ್ತೂರಿಗಳನ್ನು ಸುರಿದ ಸೀಸೆಯನ್ನು ಕುಲುಕುತ್ತಿದ್ದಳು. ಅವಳ ಕೈ ನಿಂತಿತು. "ಅಯ್ಯೋ ಭಾವ, ಇದು ನಮ್ಮ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಸಿತ್ತನಾ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಆ ಹೊತ್ತಿನ ಪ್ರಾರ್ಥನೆ ಮುಗಿಸಿದ್ದ ಅವಳಿಗೆ, ಮೌನದಲ್ಲಿಯೂ ಸುಳ್ಳನ್ನು ಅಡಗಿಸಲು ಮನಸ್ಸು ಬರಲಿಲ್ಲ. "ಇದು ಇವಳ ಮಗಳು ಇಜ್ಲಾಲಳಿಗೆ," ಎಂದಳು. "ಮದುಮಗಳ ಮೈಯುಜ್ಜೋ ಹಿಟ್ಟು. ಅವರ ಮನೆ ತುಂಬ ನೆಂಟರು, ಕಾಲಿಡೋಕೆ ಜಾಗ ಇಲ್ಲ. ಗುಂಡಿ ಮಾತ್ರ ನಮ್ಮದು."

ಬಾಬಿಕಿರನ ಮುಖದ ಕಳೆ ಇಳಿಯಿತು. "ಓ... ಹುಡುಗಿಗೆ ಒಳ್ಳೇದಾಗಲಿ," ಎಂದು ತಿರುಗಿದ. ಹೊರಗೆ ಚಹಾದಂಗಡಿಯ ಮಣೆಗಳ ಮೇಲೆ ಮಸೀದಿಯ ಆ ಸಾಲು ಸಾಲೇ ಕುಳಿತಿತ್ತು. ಅವರ ಕಣ್ಣೆದುರು ಒಮ್ಮೆ ಹೀಗೆ ಮರಳಿಹೋದವನು ಮತ್ತೆಂದೂ ಈ ಬಾಗಿಲಿಗೆ ಬರಲಾರನೆಂಬುದು ಸಿತ್ತನಾಳಿಗೆ ತಿಳಿದಿತ್ತು.

"ಮೀನು ಎಲ್ಲಿಗೆ ಹೊರಡ್ತು?" ಎಂದಳು.

"ತಮ್ಮನ ಮನೆಗೆ."

"ಅವನ ಹೆಂಡತಿಗೆ ಮೀನು ಹುರಿಯೋಕೆ ಬರುತ್ತಾ?"

"ಇಲ್ಲ. ಸೀದದ್ದನ್ನೇ ತಿಂತಿದೀನಿ."

"ಅದಕ್ಕೇ ಕತ್ತು ಕೊಕ್ಕರೆ ಹಾಗಾಗಿದೆ. ಕಾಫಿ ಕುಡಿದು ಹೋಗಿ. ನಾನೇನೂ ಕರೀತಿಲ್ಲ, ಬಂದೋರಿಗೆ ಕೂರೋಕೆ ಹೇಳ್ತಿದೀನಿ ಅಷ್ಟೆ."

ಅವನು ಹೊಸಿಲನ್ನು ತುಳಿಯದೆ ದಾಟಿ ಬಂದು, ಹಗ್ಗದ ಮಂಚದ ಅಂಚಿನಲ್ಲಿ, ಪರವೂರಿನವನಂತೆ ಕುಳಿತ. ನಿಮಾತ್ ಥಟ್ಟನೆ ಎದ್ದು ಬಟ್ಟಲನ್ನು ಎತ್ತಿಕೊಂಡಳು.

"ಹದ ಬಂತಕ್ಕಾ, ನಾನು ಹೊರಟೆ."

"ಎಲ್ಲಿ ಬಂತೇ? ಇನ್ನೂ ಬಿಳಿಚಿಕೊಂಡಿದೆ."

"ಇರಲಿ ಬಿಡು, ನಮ್ಮ ಹುಡುಗೀನೂ ಬಿಳೀನೇ," ಎಂದು ಸೀಸೆಯನ್ನು ಕಂಕುಳಲ್ಲಿ ಅವುಚಿಕೊಂಡು, ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇಹೋದಳು.

ಶುಂಠಿ ಬೆರೆಸಿದ ಕಾಫಿಯನ್ನು ಬಾಬಿಕಿರ್ ಗುಟುಕು ಗುಟುಕಾಗಿ, ಬಹಳ ಹೊತ್ತು ಕುಡಿದ. ಬರಿದಾದ ಲೋಟವನ್ನು ಇನ್ನೊಮ್ಮೆ ತುಟಿಗಿಟ್ಟ. ಗುಂಡಿಯ ಕೆಂಡ ಬೂದಿಯೊಳಗೆ ಅಡಗುತ್ತ ಬಂತು. ಹೊಗೆ ನೂಲಿನಷ್ಟಾಗಿ, ನಿಂತೇಹೋಯಿತು. ಅವನು ಎದ್ದು ರುಮಾಲನ್ನು ಸರಿಪಡಿಸಿಕೊಂಡ. "ಬರ್ತೀನಿ, ಹಾಗಾದ್ರೆ."

ಸಿತ್ತನಾ ಮೂಲೆಯಲ್ಲಿದ್ದ ಕಟ್ಟಿನಿಂದ ಜಾಲಿಯ ಎರಡು ಸೀಳುಗಳನ್ನು ಎಳೆದು, ಒಂದು ಚೂರು ಶ್ರೀಗಂಧದೊಡನೆ ಗುಂಡಿಗೆ ಹಾಕಿ, ಬೆನ್ನು ತಿರುಗಿಸಿಕೊಂಡೇ ಬೀಸಣಿಗೆ ಬೀಸತೊಡಗಿದಳು. ಹೊಗೆ ಮತ್ತೆ ಎದ್ದು, ಗೋಡೆಯನ್ನು ದಾಟಿ ಬೀದಿಗೆ ಇಳಿಯಿತು. ಬಾಬಿಕಿರ್ ಸದ್ದಿಲ್ಲದೆ ಚಪ್ಪಲಿ ಕಳಚಿದ.

ಗೋಡೆಯಾಚೆಯಿಂದ ನಿಮಾತ್ ಕೂಗಿದಳು: "ಅಕ್ಕಾ, ಬಟ್ಟಲು ನನ್ನ ಹತ್ರಾನೇ ಇದೆಯಲ್ಲ! ಅಲ್ಲಿ ಯಾತಕ್ಕೆ ಹೊಗೆ ಹಾಕ್ತಿದೀಯಾ?"