ತಮಟೆ ಕಾಯಿಸುವುದು

ಚಂದ್ರನ ಮೇಲಿನ ನಮ್ಮ ಊರಿನಲ್ಲಿ ಬೆಂಕಿಕಡ್ಡಿ ಗೀರಿದರೂ ಜೈಲು. ದೇಶದೇಶದ ವಾದ್ಯಗಳನ್ನು ಎಲೆಕ್ಟ್ರಾನಿಕ್ ಸದ್ದಿನ ಜೊತೆ ಬೆರೆಸುವ ಬ್ಯಾಂಡ್ ಕಟ್ಟುತ್ತೇನೆಂದು ನಿಹಾಲ ನನ್ನನ್ನು ಕರೆದಿದ್ದ. ಮೊದಲ ದಿನವೇ ಊರನ್ನು ಮುಚ್ಚಿರುವ ಗುಮ್ಮಟದೊಳಗಿನ ತೇವಕ್ಕೆ ನನ್ನ ತಮಟೆಯ ಚರ್ಮ ಸಡಿಲಾಗಿ, ಒದ್ದೆ ಗೋಣಿಚೀಲಕ್ಕೆ ಹೊಡೆದಂಥ ಸದ್ದು ಬಂತು.

"ಇದನ್ನ ಕಾಯಿಸ್ಬೇಕು" ಎಂದೆ.

"ಬೆಂಕಿ ಎಲ್ಲಿಂದ ತರ್ಲಿ ಚೆಲುವಕ್ಕ? ತಮಟೆ ಸದ್ದು ನನ್ ಮಷೀನಲ್ಲೇ ಇದೆ. ನೀವು ಸುಮ್ನೆ ಕೈ ಆಡಿಸಿ, ಸಾಕು."

ನನಗೆ ಮೈ ಉರಿದುಹೋಯಿತು. "ಕೈ ಆಡಿಸೋಕೆ ಗೊಂಬೆ ತಂದ್ಕೊ. ನಾನು ಹೊಡೆಯೋಕೆ ಬಂದಿರೋಳು!"

ಬೆಳಗಿನಿಂದ ಓಡುತ್ತಿದ್ದ ಅವನ ಮಷೀನಿನ ಬೆನ್ನು ದೋಸೆ ಕಾವಲಿಯಂತೆ ಕಾದಿತ್ತು. ತಮಟೆಯನ್ನು ಅದಕ್ಕೇ ಒತ್ತಿ ಹಿಡಿದೆ. ಚರ್ಮ ಬಿಗಿಯಿತು. ಒಂದೇ ಏಟಿಗೆ ಗುಮ್ಮಟವೆಲ್ಲ ಗುಡುಗಿತು.

ನಿಹಾಲ ಮಷೀನಿನ ಬೆನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡ.

"ಪರವಾಗಿಲ್ಲ, ನಿನ್ ಮಷೀನೂ ಒಂದು ಕೆಲಸಕ್ಕೆ ಬಂತು" ಎಂದೆ. "ಇರ್ಲಿ ಬಿಡು, ಬ್ಯಾಂಡಲ್ಲಿ ಇಟ್ಕೊಳೋಣ."